ಅರ್ಜಿ ಶುಲ್ಕ ಒಂದೂವರೆ ಸಾವಿರ, ಕೊಟೇಶನ್ ಅರವತ್ತೆಂಟು ಸಾವಿರ: ನಿವೇಶನ ಒಡೆಯುವ ಮುನ್ನ

ಪ್ರಶ್ನೆ: ನಮ್ಮ ಮನೆ ಮೆಲ್ಬರ್ನಿನ ಪೂರ್ವ ಭಾಗದ ಹಳೆಯ ಬಡಾವಣೆಯಲ್ಲಿದೆ. 1970ರ ದಶಕದ ಇಟ್ಟಿಗೆ ಮನೆ, 2009ರಲ್ಲಿ ಕೊಂಡೆವು. ಜಾಗ 760 ಚದರ ಮೀಟರ್. ಅಗಲ 17 ಮೀಟರಿಗೆ ತುಸು ಕಡಿಮೆ, ಉದ್ದ 45. ಮನೆ ಮುಂಭಾಗದಲ್ಲಿದೆ, ಹಿಂದಿನ ಅರ್ಧ ಜಾಗದಲ್ಲಿ ಹುಲ್ಲು ಬೆಳೆಯುತ್ತಿದೆ. ಅದನ್ನು ಬೇರೆ ಟೈಟಲ್ (ಹಕ್ಕುಪತ್ರ) ಮಾಡಿಸಿ ಮಗಳ ಹೆಸರಿಗೆ ಬರೆದುಕೊಡಬೇಕು, ಇಲ್ಲವಾದರೆ ಮಾರಿ ಉಳಿದ ಗೃಹಸಾಲ ತೀರಿಸಬೇಕು ಎಂದು ನಾನೂ ನನ್ನವರೂ ಯೋಚಿಸಿದ್ದೇವೆ. ಕೌನ್ಸಿಲ್‌ನ ಶುಲ್ಕದ ಪಟ್ಟಿಯಲ್ಲಿ ಎರಡು ಭಾಗ ಮಾಡುವುದಕ್ಕೆ 1,453 ಡಾಲರ್ 40 ಸೆಂಟ್ ಎಂದಿದೆ. ಆದರೆ ಒಬ್ಬ ಸರ್ವೇಯರ್ ಕೊಟ್ಟ ಕೊಟೇಶನ್ 68 ಸಾವಿರ ಡಾಲರ್! ಸ್ನೇಹಿತರೊಬ್ಬರು "ನಿಮಗೆ ಟೋಪಿ ಹಾಕುತ್ತಿದ್ದಾರೆ" ಎಂದರು. ಇನ್ನೊಬ್ಬರು "ಇದೂ ಕಡಿಮೆಯೇ, ಪಾರ್ಕಿಗೆಂದು ಜಾಗದ ಬೆಲೆಯ ಶೇ. 5 ಕೌನ್ಸಿಲ್‌ಗೆ ಕಟ್ಟಬೇಕಾಗುತ್ತದೆ" ಎಂದು ಹೆದರಿಸಿದರು. ನಮ್ಮ ಜಾಗಕ್ಕೆ ಅದೇ 60 ಸಾವಿರ ಆಗುತ್ತದೆ. ಯಾರನ್ನು ನಂಬುವುದು? ಮಗಳಿಗೆ ದಾನಪತ್ರ ಮಾಡಿಕೊಟ್ಟರೆ ಊರಿನಲ್ಲಿ ಆಗುವಂತೆ ಕಡಿಮೆ ಖರ್ಚಿನಲ್ಲಿ ಮುಗಿಯುವುದಿಲ್ಲವೆ?

ಉತ್ತರ: ನಿಮ್ಮ ಪತ್ರವನ್ನೂ ಅದರ ಜೊತೆ ಕಳಿಸಿದ ಕೊಟೇಶನ್ನನ್ನೂ ಎರಡೆರಡು ಸಲ ಓದಿದೆ. ನಿಮ್ಮ ಆತಂಕ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡಿದೆ. 1,453 ಎಲ್ಲಿ, 68,000 ಎಲ್ಲಿ. ನಡುವಿನ ಹಣವನ್ನೆಲ್ಲ ಯಾರು ತಿನ್ನುತ್ತಾರೆ ಎಂಬುದು ನಿಮ್ಮ ಪ್ರಶ್ನೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಸಬ್‌ಡಿವಿಷನ್, ಅಂದರೆ ಜಾಗ ಒಡೆಯುವ, ಅರ್ಜಿಗಳ ಕೆಲಸ ಮಾಡುತ್ತ ಬಂದವನಾಗಿ ಮೊದಲೇ ಹೇಳಿಬಿಡುತ್ತೇನೆ: ಎರಡೂ ಅಂಕಿ ನಿಜ. ನಿಮಗೆ ಯಾರೂ ಟೋಪಿ ಹಾಕುತ್ತಿಲ್ಲ. ಆದರೆ ನೀವು ಕೇಳದೇ ಬಿಟ್ಟ ಇನ್ನೊಂದು ಖರ್ಚಿದೆ, ನನಗೆ ಹೆಚ್ಚು ಚಿಂತೆ ಅದರದ್ದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೌನ್ಸಿಲ್‌ಗೆ ನಿಜವಾಗಿ ಎಷ್ಟು ಹೋಗುತ್ತದೆ ನೋಡೋಣ. ಈ ಶುಲ್ಕಗಳನ್ನು ಕೌನ್ಸಿಲ್ ತನಗೆ ತೋಚಿದಂತೆ ಹಾಕುವ ಹಾಗಿಲ್ಲ. ರಾಜ್ಯ ಸರ್ಕಾರದ ನಿಯಮಾವಳಿಗಳಲ್ಲಿ ಅವು ನಿಗದಿಯಾಗಿವೆ, ಹೆಚ್ಚಿನವು ಡಾಲರಿನಲ್ಲಲ್ಲ, 'ಫೀ ಯೂನಿಟ್' ಲೆಕ್ಕದಲ್ಲಿ. ಎರಡು ಲಾಟ್ (ನಿವೇಶನ) ಮಾಡುವ ಪ್ಲಾನಿಂಗ್ ಪರ್ಮಿಟ್ ಅರ್ಜಿಗೆ 89 ಯೂನಿಟ್. 2024–25ರಲ್ಲಿ ಒಂದು ಯೂನಿಟ್‌ಗೆ 16 ಡಾಲರ್ 33 ಸೆಂಟ್ ಇತ್ತು. ಗುಣಿಸಿ ಸೆಂಟುಗಳನ್ನು ದುಂಡಾಗಿಸಿದರೆ ನೀವು ಪಟ್ಟಿಯಲ್ಲಿ ನೋಡಿದ 1,453.40 ಬರುತ್ತದೆ. ಯೂನಿಟ್‌ನ ಬೆಲೆ ಪ್ರತಿ ಜುಲೈ 1ಕ್ಕೆ ಬದಲಾಗುತ್ತದೆ, ಹಾಗಾಗಿ ನೀವು ನೋಡಿದ ಪಟ್ಟಿ ಯಾವ ವರ್ಷದ್ದು ಎಂದು ಒಮ್ಮೆ ಗಮನಿಸಿ. ಪರ್ಮಿಟ್ ಬಂದ ಮೇಲೆ ಸರ್ವೇಯರ್ ಬರೆದ ಪ್ಲಾನನ್ನು ಕೌನ್ಸಿಲ್ ಪ್ರಮಾಣೀಕರಿಸಬೇಕು, ಅದಕ್ಕೆ 11.8 ಯೂನಿಟ್, ಅದೇ ವರ್ಷದ ಲೆಕ್ಕದಲ್ಲಿ 192.70 ಡಾಲರ್. ಮಳೆನೀರನ್ನು ಎಲ್ಲಿ ಬಿಡಬೇಕು ಎಂದು ಕೌನ್ಸಿಲ್ ಬರಹದಲ್ಲಿ ತಿಳಿಸುವುದಕ್ಕೆ ಸುಮಾರು 160 ಡಾಲರ್. ನಿಮ್ಮ ಕೊಟೇಶನ್ನಿನಲ್ಲಿ ಮಳೆನೀರು ಚರಂಡಿಗೆ 16 ಸಾವಿರ ಹಾಕಿದ್ದಾರೆ. ಆ ಚರಂಡಿ ಮುಂದೆ ಕೌನ್ಸಿಲ್‌ಗೆ ಸೇರುವಂಥದ್ದಾದರೆ ನಕ್ಷೆಯ ತಪಾಸಣೆಗೆ ಕಾಮಗಾರಿ ವೆಚ್ಚದ ಶೇ. 0.75, ಮೇಲ್ವಿಚಾರಣೆಗೆ ಶೇ. 2.5 ಕೊಡಬೇಕು. ಎರಡೂ ಸೇರಿ 520 ಡಾಲರ್. ಎಲ್ಲ ಕೂಡಿಸಿದರೂ 2,300ರ ಆಸುಪಾಸು. ನಿಮ್ಮ ಕೊಟೇಶನ್ನಿನಲ್ಲಿ 'ಕೌನ್ಸಿಲ್ ಮತ್ತು ಟೈಟಲ್ ಶುಲ್ಕ' ಎಂದು 4 ಸಾವಿರ ಇರುವುದು ಸರಿಯಾಗೇ ಇದೆ, ಏಕೆಂದರೆ ಕೊನೆಗೆ ಹೊಸ ಟೈಟಲ್ ಹುಟ್ಟಿಸಲು ರಾಜ್ಯದ ಭೂ ನೋಂದಣಿ ಸಂಸ್ಥೆಯಾದ ಲ್ಯಾಂಡ್ ಯೂಸ್ ವಿಕ್ಟೋರಿಯಾಕ್ಕೆ ಕಟ್ಟುವುದು ಬೇರೆ, ರಸ್ತೆಯಿಂದ ಜಾಗದೊಳಗೆ ಕಾರು ಹತ್ತಿಸುವ ಹೊಸ ಕ್ರಾಸ್‌ಓವರ್‌ಗೆ ಅನುಮತಿ ಬೇರೆ.

ಹಾಗಾದರೆ ಉಳಿದ 64 ಸಾವಿರ?

ಅದು ಪರ್ಮಿಟ್‌ನ ಹಿಂದಿನ ಪುಟಗಳಲ್ಲಿ ಇರುತ್ತದೆ. ಕೌನ್ಸಿಲ್ ಅನುಮತಿ ಕೊಡುವಾಗ ಜೊತೆಗೊಂದು ಷರತ್ತುಗಳ ಪಟ್ಟಿ ಕೊಡುತ್ತದೆ. ನಮ್ಮವರು ಎಷ್ಟೋ ಜನ "ಪರ್ಮಿಟ್ ಬಂತು" ಎಂದು ಸಿಹಿ ಹಂಚಿದ ಮೇಲೆ ಆ ಪುಟಗಳನ್ನು ಓದುತ್ತಾರೆ. ನೀರಿನ ಸಂಸ್ಥೆ, ವಿದ್ಯುತ್ ಸಂಸ್ಥೆ, ದೂರಸಂಪರ್ಕದವರು, ಒಬ್ಬೊಬ್ಬರ ಜೊತೆಗೂ ಒಪ್ಪಂದ ಮಾಡಿಕೊಂಡು, ಎರಡೂ ಲಾಟ್‌ಗಳಿಗೆ ಪ್ರತ್ಯೇಕ ಸಂಪರ್ಕ ಕೊಡಿಸಿ, ಅವರೆಲ್ಲರ ಒಪ್ಪಿಗೆ ತಂದಾಗ ಮಾತ್ರ ಕೌನ್ಸಿಲ್ 'ಸ್ಟೇಟ್‌ಮೆಂಟ್ ಆಫ್ ಕಂಪ್ಲಯನ್ಸ್' ಎಂಬ ಪತ್ರ ಕೊಡುತ್ತದೆ. ಆ ಪತ್ರವಿಲ್ಲದೆ ಟೈಟಲ್ ಹುಟ್ಟುವುದಿಲ್ಲ.

ಇಷ್ಟೆಲ್ಲ ಏಕೆ ಎಂದರೆ, ಇದು ಮನೆಯೊಳಗಿನ ಪಾಲುಪಟ್ಟಿಯ ಹಾಗಲ್ಲ. ಊರಿನಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾದರೆ ಬಾವಿ ಇಬ್ಬರದೂ, ಓಣಿ ಇಬ್ಬರದೂ ಎಂದು ಬರೆದುಕೊಂಡು ಬದುಕುತ್ತಾರೆ. ಇಲ್ಲಿಯ ಕಾನೂನು ನೋಡುವುದು ನಿಮ್ಮನ್ನಲ್ಲ, ಮುಂದೆ ಎಂದೋ ಬರುವ ಅಪರಿಚಿತರನ್ನು. ಹಿಂದಿನ ಜಾಗ ನಿಮ್ಮ ಮುಖವನ್ನೇ ನೋಡದವರ ಕೈಗೆ ಹೋದರೂ ಎರಡು ಮನೆಗೂ ನೀರು, ಒಳಚರಂಡಿ, ಕರೆಂಟು, ದಾರಿ ಒಬ್ಬರ ಹಂಗಿಲ್ಲದೆ ಇನ್ನೊಬ್ಬರಿಗೆ ಸಿಗಬೇಕು. ಆ ಸ್ವಾತಂತ್ರ್ಯದ ಬೆಲೆಯೇ ನಿಮ್ಮ ಕೊಟೇಶನ್.

ನಿಮ್ಮ ಜಾಗವನ್ನೇ ತೆಗೆದುಕೊಳ್ಳಿ. ಟೈಟಲ್ ನಕ್ಷೆಯಲ್ಲಿ ಹಿಂದಿನ ಬೇಲಿಗೆ ತಾಗಿ 2.44 ಮೀಟರ್ ಅಗಲದ ಈಸ್‌ಮೆಂಟ್ ಪಟ್ಟಿ, ಅಂದರೆ ಕೊಳವೆಗಳಿಗೆಂದು ಬಿಟ್ಟ ಜಾಗ, ಇದೆ. ಆ ಕಾಲದಲ್ಲಿ ಎಂಟು ಅಡಿ ಎಂದು ಬಿಟ್ಟದ್ದು, ಈಗ ಮೀಟರಿನಲ್ಲಿ ಹೀಗೆ ಕಾಣುತ್ತದೆ. ಒಳಚರಂಡಿಯ ಮುಖ್ಯ ಕೊಳವೆ ಅದರಲ್ಲೇ ಹೋಗುತ್ತದೆ. ಈಗ ನಿಮ್ಮ ಬಚ್ಚಲು, ಅಡುಗೆಮನೆಯ ನೀರು ಹಿತ್ತಲು ದಾಟಿ ಹಿಂದಿನ ಕೊಳವೆಗೆ ಸೇರುತ್ತದೆ. ಜಾಗ ಎರಡಾದ ದಿನ ನಿಮ್ಮ ಮನೆಯ ಕೊಳಕು ನೀರು ಬೇರೆಯವರ ಜಾಗದ ಅಡಿಯಲ್ಲಿ ಹರಿಯುತ್ತಿರುತ್ತದೆ! ನೀರಿನ ಸಂಸ್ಥೆ ಅದನ್ನು ಒಪ್ಪುವುದಿಲ್ಲ. ಮುಂದಿನ ಮನೆಗೆ ಸ್ವಂತ ಸಂಪರ್ಕ ಬೇಕು. ಅದಕ್ಕಾಗಿ ಮುಖ್ಯ ಕೊಳವೆಯನ್ನೇ ನಿಮ್ಮ ಹೊಸ ಗಡಿಯವರೆಗೆ ಎಳೆಯಬೇಕಾಗಬಹುದು. ಒಳಚರಂಡಿ ಮತ್ತು ನೀರಿಗೆ ಹಾಕಿದ 17 ಸಾವಿರದಲ್ಲಿ ಬಹುಪಾಲು ಇದಕ್ಕೇ. ನೆಲ ಅಗೆದಾಗ ಬಂಡೆ ಸಿಕ್ಕರೆ, ಕೊಳವೆ ಎರಡು ಮೀಟರಿಗಿಂತ ಆಳದಲ್ಲಿದ್ದರೆ ಇದು ಏರುತ್ತದೆ. ಇಡೀ ಕೊಟೇಶನ್ನಿನಲ್ಲಿ ನನಗೆ ಗಟ್ಟಿಯಾಗಿ ಕಾಣದ ಅಂಕಿ ಇದೊಂದೇ. ನೀರಿನ ಸಂಸ್ಥೆಯಿಂದ ಒಳಚರಂಡಿಯ ನಕ್ಷೆ ತರಿಸಿ, ಕೊಳವೆಯ ಆಳ ಎಷ್ಟೆಂದು ನೋಡಿಯೇ ಬೆಲೆ ಹೇಳಿದ್ದಾರೆಯೇ ಎಂದು ಸರ್ವೇಯರನ್ನು ನೇರವಾಗಿ ಕೇಳಿ.

ಮಳೆನೀರಿನ ಕಥೆ ಇದಕ್ಕೆ ತಿರುವುಮುರುವು. ಜಾಗ ರಸ್ತೆಯ ಕಡೆಗೆ ಇಳಿಜಾರಾಗಿದ್ದರೆ ಸುಲಭ. ಹಿಂದಕ್ಕೆ ಇಳಿಜಾರಾಗಿದ್ದು, ಕೌನ್ಸಿಲ್ ಮುಂದಿನ ಚರಂಡಿಗೇ ಬಿಡಿ ಎಂದರೆ ಕಷ್ಟ. ಹೊಸ ಛಾವಣಿ, ಹೊಸ ಕಾಂಕ್ರೀಟು ಬಂದರೆ ಹಳೆಯ ಚರಂಡಿಗೆ ಒಮ್ಮೆಲೇ ಹೆಚ್ಚು ನೀರು ನುಗ್ಗುತ್ತದೆ. ಅದಕ್ಕಾಗಿ ನೀರನ್ನು ತಡೆದು ನಿಧಾನವಾಗಿ ಬಿಡುವ ತೊಟ್ಟಿ ಕೇಳುವ ಕೌನ್ಸಿಲ್‌ಗಳು ಬಹಳ.

ವಿದ್ಯುತ್ತಿಗೆ ಏಳೂವರೆ ಸಾವಿರ, ದಾರಿ ಮತ್ತು ಕ್ರಾಸ್‌ಓವರಿಗೆ ಹತ್ತು ಸಾವಿರ. ಇವೆರಡೂ ಸಾಮಾನ್ಯ ದರಗಳೇ. ಗ್ಯಾಸಿನ ಸಾಲು ಕೊಟೇಶನ್ನಿನಲ್ಲಿ ಇಲ್ಲ, ಅದು ಮರೆತದ್ದಲ್ಲ. ಪ್ಲಾನಿಂಗ್ ಪರ್ಮಿಟ್ ಬೇಕಾದ ಹೊಸ ಮನೆಗಳಿಗೂ ವಸತಿ ವಿಭಜನೆಗಳಿಗೂ 2024ರ ಜನವರಿ 1ರಿಂದ ಹೊಸ ಗ್ಯಾಸ್ ಸಂಪರ್ಕ ಕೊಡುವಂತಿಲ್ಲ. ಸರ್ವೇಯರ್ ಮತ್ತು ಪ್ಲಾನರ್ ಇಬ್ಬರ ಕೆಲಸಕ್ಕೆ 13,500. ಅರ್ಜಿಯಿಂದ ಹಿಡಿದು ಟೈಟಲ್ ಕೈಗೆ ಬರುವವರೆಗೆ, ನಡುವೆ ಐದಾರು ಸಂಸ್ಥೆಗಳ ಬೆನ್ನು ಹತ್ತಿ ಓಡಾಡುವ ಕೆಲಸಕ್ಕೆ ಅದು ಹೆಚ್ಚಲ್ಲ.

ಈಗ ಇನ್ನೊಬ್ಬ ಸ್ನೇಹಿತರ ಶೇ. 5ರ ಮಾತು. ಅವರು ಹೇಳಿದ್ದು ಅರ್ಧ ನಿಜ, ಅದಕ್ಕೇ ಅದು ಹೆಚ್ಚು ಹೆದರಿಸುತ್ತದೆ. 1988ರ ಸಬ್‌ಡಿವಿಷನ್ ಆಕ್ಟ್‌ನ 18ನೇ ಸೆಕ್ಷನ್ ಪ್ರಕಾರ, ಜಾಗ ಒಡೆಯುವವರಿಂದ ಸಾರ್ವಜನಿಕ ಬಯಲಿಗೆಂದು ನೆಲದ ಬೆಲೆಯ ಶೇ. 5ರವರೆಗೆ ಕೌನ್ಸಿಲ್ ಕೇಳಬಹುದು. ಕೆಲವು ಕೌನ್ಸಿಲ್‌ಗಳ ಪ್ಲಾನಿಂಗ್ ಸ್ಕೀಮಿನಲ್ಲಿ (ಭೂಬಳಕೆಯ ನಿಯಮಗಳಲ್ಲಿ) ತಮ್ಮದೇ ಬೇರೆ ದರವೂ ಇದೆ. ಆದರೆ ಅದೇ ಕಾನೂನಿನಲ್ಲಿ ವಿನಾಯಿತಿಯೂ ಇದೆ: ಜಾಗ ಎರಡೇ ಲಾಟ್ ಆಗುತ್ತಿದ್ದು, ಅವು ಮತ್ತೆ ಒಡೆಯುವ ಸಂಭವವಿಲ್ಲ ಎಂದು ಕೌನ್ಸಿಲ್‌ಗೆ ಅನಿಸಿದರೆ ಈ ಹಣ ಕೊಡಬೇಕಿಲ್ಲ. ನಿಮ್ಮ 760 ಚದರ ಮೀಟರಿನಲ್ಲಿ ಮುಂದೆ ಒಂದು, ಹಿಂದೆ ಒಂದು. ಹಿಂದಿನದ್ದು ದಾರಿಯನ್ನು ಬಿಟ್ಟರೆ 400 ಚದರ ಮೀಟರ್ ದಾಟುವುದು ಕಷ್ಟ. ಮತ್ತೆ ಒಡೆಯಲು ಅಲ್ಲೇನೂ ಉಳಿಯುವುದಿಲ್ಲ. ಅರ್ಜಿಯ ಜೊತೆಯ ಪತ್ರದಲ್ಲೇ ಈ ವಿನಾಯಿತಿಯನ್ನು ಹೆಸರಿಸಿ ಕೇಳಬೇಕು. ಕೇಳದೆ ಸುಮ್ಮನಿದ್ದವರಿಗೆ ಷರತ್ತು ಬಂದು, ಆಮೇಲೆ ತೆಗೆಸಲು ಒದ್ದಾಡಿದ್ದನ್ನು ನೋಡಿದ್ದೇನೆ. ಇದೇ ಕಾರಣಕ್ಕೆ "ಎರಡೇಕೆ, ಹಳೆ ಮನೆ ಕೆಡವಿ ಮೂರು ಮಾಡಿ" ಎಂದು ಯಾರಾದರೂ ಹುರಿದುಂಬಿಸಿದರೆ ತಡೆದು ಯೋಚಿಸಿ. ಮೂರನೆಯ ಲಾಟ್ ಬಂದ ಕ್ಷಣ ಆ ವಿನಾಯಿತಿ ಹೋಗುತ್ತದೆ. ಹಳ್ಳ-ಹೊಳೆಯ ಹತ್ತಿರದ ಜಾಗವಾದರೆ ಮೂಲನಿವಾಸಿಗಳ ಪರಂಪರೆಯ ಬಗ್ಗೆ ದೊಡ್ಡ ವರದಿ ಬೇಕಾಗುವುದೂ ಮೂರರಿಂದಲೇ.

ನೀವು ಬರೆಯದೇ ಬಿಟ್ಟ ಒಂದು ನಂಬಿಕೆ ನಿಮ್ಮ ಪತ್ರದೊಳಗೆ ಅಡಗಿದೆ: ಜಾಗ ದೊಡ್ಡದಿದೆ, ಹಾಗಾಗಿ ಒಡೆಯಲು ಸಿಗುತ್ತದೆ ಎಂಬುದು. "700 ಮೀಟರ್ ಮೇಲಿದ್ದರೆ ಗ್ಯಾರಂಟಿ" ಎಂದು ನಮ್ಮವರ ಸಮಾರಂಭಗಳಲ್ಲಿ ಊಟದ ಪಂಕ್ತಿಯಲ್ಲೇ ಕೇಳಿದ್ದೇನೆ. ಅಂಥ ಒಂದು ಅಂಕಿ ವಿಕ್ಟೋರಿಯಾದ ಸಾಮಾನ್ಯ ವಸತಿ ವಲಯದ ನಿಯಮದಲ್ಲಿ ಇಲ್ಲ. ಇರುವುದು ಆಕಾರದ ಪರೀಕ್ಷೆ. 300ರಿಂದ 500 ಚದರ ಮೀಟರಿನ ಖಾಲಿ ಲಾಟ್‌ನಲ್ಲಿ 10 ಮೀಟರಿಗೆ 15 ಮೀಟರಿನ ಆಯತವೊಂದು ಕೂರಬೇಕು. 400ಕ್ಕಿಂತ ಚಿಕ್ಕ ಖಾಲಿ ಲಾಟ್ ಆದರೆ ಅದರ ಕಾಲು ಭಾಗವನ್ನು ತೋಟಕ್ಕೆಂದು ಬಿಡಬೇಕು. ಇದೆಲ್ಲಕ್ಕೂ ಮೊದಲು ಹಿಂದಿನ ಲಾಟ್‌ಗೆ ಕಾರು ಹೋಗುವ ದಾರಿ ಬೇಕು, ಕನಿಷ್ಠ 3 ಮೀಟರ್ ಅಗಲ. ನಿಮ್ಮ ಮನೆಯ ಎಡಗೋಡೆಗೂ ಬೇಲಿಗೂ ನಡುವೆ, ಈಗ ಕಾರ್‌ಪೋರ್ಟ್ ಇರುವಲ್ಲಿ, 3.2 ಮೀಟರ್ ಎಂದು ಬರೆದಿದ್ದೀರಿ. ನಿಮ್ಮ ಇಡೀ ಯೋಜನೆ ಆ 3.2 ಮೀಟರಿನ ಮೇಲೆ ನಿಂತಿದೆ. ಬೇಲಿ ಇರುವುದು ನಿಜವಾದ ಗಡಿಯ ಮೇಲೆಯೇ ಎಂಬುದು ಅಳತೆಯಾಗದೆ ತಿಳಿಯುವುದಿಲ್ಲ. ಐವತ್ತು ವರ್ಷದ ಬೇಲಿಗಳು ಒಂದು ಗೇಣು ಆ ಕಡೆ ಈ ಕಡೆ ಇರುವುದು ಸಾಮಾನ್ಯ. ಒಂದು ಗೇಣು ಹೋದರೆ ನಿಮ್ಮಲ್ಲಿ ದಾರಿಯೇ ಇಲ್ಲ. ಆ ದಾರಿಯನ್ನು ಸೌಟಿನ ಹಿಡಿಯಂತೆ ಹಿಂದಿನ ಲಾಟ್‌ಗೇ ಪೂರ್ತಿ ಸೇರಿಸಿಬಿಡಿ. ಇಬ್ಬರಿಗೂ ಸೇರಿದ್ದು ಎಂದಿಟ್ಟರೆ ಅದನ್ನು ನೋಡಿಕೊಳ್ಳಲು ಓನರ್ಸ್ ಕಾರ್ಪೊರೇಷನ್ ಎಂಬ ಮಾಲೀಕರ ಸಂಘ ಹುಟ್ಟುತ್ತದೆ. ಎರಡೇ ಮನೆಯದ್ದಾದರೆ ನಿಯಮಗಳ ಭಾರ ಕಡಿಮೆ ಎನ್ನುವುದು ನಿಜ, ಆದರೂ ಮನಸ್ತಾಪಕ್ಕೆ ಅದೊಂದು ಬಾಗಿಲು.

ಹಾಗೆಯೇ ಕವನೆಂಟ್. ಮಧ್ಯ ಇಪ್ಪತ್ತನೆಯ ಶತಮಾನದಲ್ಲಿ ಬಡಾವಣೆ ಮಾಡಿದವರು "ಈ ನಿವೇಶನದಲ್ಲಿ ಒಂದೇ ಮನೆ ಕಟ್ಟತಕ್ಕದ್ದು" ಎಂಬ ಕರಾರನ್ನು ಟೈಟಲ್‌ಗೆ ಅಂಟಿಸಿರುವುದುಂಟು. ನೋಂದಾಯಿತ ಕವನೆಂಟ್ ಮುರಿಯುವಂಥ ಪರ್ಮಿಟ್ ಕೊಡಲು ಕೌನ್ಸಿಲ್‌ಗೆ ಅಧಿಕಾರವೇ ಇಲ್ಲ. 1991ರ ಜೂನ್ 25ಕ್ಕಿಂತ ಹಿಂದಿನ ಕರಾರಾದರೆ ಕೌನ್ಸಿಲ್ ಮೂಲಕ ತೆಗೆಸುವುದು ತೀರಾ ಕಷ್ಟ. ಕರಾರಿನ ಲಾಭ ಇರುವ ನೆರೆಯವರಲ್ಲಿ ಒಬ್ಬರಿಗೆ ಸ್ವಲ್ಪ ಕೆಡುಕಾಗಬಹುದು ಎನಿಸಿದರೂ ಸಾಕು, ಅಲ್ಲಿಗೆ ನಿಂತುಹೋಗುತ್ತದೆ. ಉಳಿಯುವ ದಾರಿ 1958ರ ಪ್ರಾಪರ್ಟಿ ಲಾ ಆಕ್ಟ್‌ನ 84ನೇ ಸೆಕ್ಷನ್ನಿನಡಿ ವಿಕ್ಟೋರಿಯಾದ ಸುಪ್ರೀಂ ಕೋರ್ಟಿಗೆ ಹೋಗುವುದು. ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಕುಟುಂಬ ನನ್ನ ಹತ್ತಿರ ಬರುವ ಹೊತ್ತಿಗೆ ನಕ್ಷೆ, ವಾಸ್ತುಶಿಲ್ಪಿ, ಮರಗಳ ವರದಿ ಎಂದು ಒಂಬತ್ತು ಸಾವಿರ ಡಾಲರ್ ಕಳೆದಿತ್ತು. ಟೈಟಲ್ ತರಿಸಿ ನೋಡಿದರೆ ಎರಡನೆಯ ಸಾಲಿನಲ್ಲೇ ಕವನೆಂಟ್. ಆ ಯಜಮಾನರು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮಾತಿಲ್ಲದೆ ಎದ್ದುಹೋದರು. ಅಂದಿನಿಂದ ಟೈಟಲ್ ನೋಡದೆ ನಾನು ಯಾರ ಜೊತೆಗೂ ಮಾತು ಮುಂದುವರಿಸುವುದಿಲ್ಲ. ನೀವು ಕಳಿಸಿದ್ದು ನಕ್ಷೆ ಮಾತ್ರ. ಟೈಟಲ್‌ನ ಮೊದಲ ಪುಟ ಅದರಲ್ಲಿ ಇಲ್ಲ.

ಇನ್ನು ನಾನು ಆಮೇಲೆ ಬರುತ್ತೇನೆ ಎಂದ ಖರ್ಚು.

ಮಗಳಿಗೆ ದಾನಪತ್ರ. ಇಲ್ಲಿ ಹೆತ್ತವರು ಮಕ್ಕಳಿಗೆ ಕೊಟ್ಟರೂ ರಾಜ್ಯ ಅದನ್ನು ಸ್ಟ್ಯಾಂಪ್ ಡ್ಯೂಟಿಯ ಮಟ್ಟಿಗೆ ಮಾರಾಟದ ಹಾಗೇ ನೋಡುತ್ತದೆ. ಕೈಗೆ ಒಂದು ಡಾಲರೂ ಬಾರದಿದ್ದರೂ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ಹಿಂದಿನ ಲಾಟ್‌ಗೆ 5 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ: ಸಾಮಾನ್ಯ ದರದಲ್ಲಿ 1,30,000ದವರೆಗೆ 2,870, ಅದರ ಮೇಲಿನದಕ್ಕೆ ಶೇ. 6. ಒಟ್ಟು 25,070 ಡಾಲರ್, ಅದೂ ಮಗಳು ಕಟ್ಟಬೇಕಾದದ್ದು. ಇದು ಅವಳ ಮೊದಲ ಮನೆಯಾಗುವುದಾದರೆ ರಿಯಾಯಿತಿ ಸಿಗುತ್ತದೆಯೇ ಎಂದು ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡುವ ಕನ್ವೆಯನ್ಸರ್ ಮೂಲಕ ರಾಜ್ಯದ ರೆವೆನ್ಯೂ ಆಫೀಸಿನಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.

ನಿಮ್ಮ ಪಾಲಿಗೆ ಬರುವುದು ಬಂಡವಾಳ ಲಾಭದ ತೆರಿಗೆ. "ನಾವಿರುವ ಮನೆಗೆ ಆ ತೆರಿಗೆ ಇಲ್ಲ" ಎಂದು ಎಲ್ಲರಿಗೂ ಗೊತ್ತು. ಆ ವಿನಾಯಿತಿ ಮನೆಯ ಜೊತೆ ಮಾರಿದ ನೆಲಕ್ಕೆ ಮಾತ್ರ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮನೆ ಬಿಟ್ಟು ಹಿತ್ತಲನ್ನಷ್ಟೇ ಬೇರೆ ಮಾಡಿ ಮಾರಿದರೆ, ನಿಮ್ಮ ಮಕ್ಕಳು ಅಲ್ಲಿ ಎಷ್ಟೇ ವರ್ಷ ಆಡಿದ್ದರೂ, ವಿನಾಯಿತಿ ಇಲ್ಲ. ಮಗಳಿಗೆ ಪುಕ್ಕಟೆ ಕೊಟ್ಟರೂ ಮಾರುಕಟ್ಟೆ ಬೆಲೆಗೆ ಮಾರಿದಂತೆಯೇ ಲೆಕ್ಕ. ಒಂದು ಸಮಾಧಾನವಿದೆ: ಜಾಗ ಎರಡಾಗುವುದರಿಂದಲೇ ತೆರಿಗೆ ಬೀಳುವುದಿಲ್ಲ, ಕೈ ಬದಲಾದಾಗ ಬೀಳುತ್ತದೆ, 2009ರ ಕೊಂಡ ಬೆಲೆಯನ್ನೂ ಈಗಿನ ವಿಭಜನೆಯ ಖರ್ಚನ್ನೂ ಎರಡು ಲಾಟ್‌ಗೆ ಹಂಚಿ ಲೆಕ್ಕ ಹಿಡಿಯಬಹುದು. ಹಾಗಾಗಿ ಒಂದೊಂದು ರಸೀದಿಯನ್ನೂ ಎತ್ತಿಡಿ. ಲಾಭಕ್ಕೆಂದೇ ಮಾಡಿದ ವ್ಯವಹಾರ ಎಂದು ತೆರಿಗೆ ಇಲಾಖೆಗೆ ಅನಿಸಿದರೆ ಜಿಎಸ್‌ಟಿಯ ಪ್ರಶ್ನೆಯೂ ಏಳುತ್ತದೆ. ಈ ಭಾಗಕ್ಕೆ ನನ್ನ ಮಾತು ಸಾಲದು. ಅರ್ಜಿ ಹಾಕುವ ಮುಂಚೆಯೇ ಅಕೌಂಟೆಂಟ್ ಜೊತೆ ಒಂದು ಗಂಟೆ ಕೂರಿ.

ಕೊನೆಯದಾಗಿ ಭೂ ತೆರಿಗೆ. ಹೊಸ ಟೈಟಲ್ ಬಂದ ಮೇಲೆ ಹಿಂದಿನ ಖಾಲಿ ಲಾಟ್ ನಿಮ್ಮ ವಾಸದ ಮನೆಯ ಭಾಗವಲ್ಲ. 2024ರಿಂದ ವಿಕ್ಟೋರಿಯಾದಲ್ಲಿ ಈ ತೆರಿಗೆಯ ಮಿತಿ 50 ಸಾವಿರ ಡಾಲರಿಗೆ ಇಳಿದಿದೆ. ಡಿಸೆಂಬರ್ 31ರ ಮಧ್ಯರಾತ್ರಿ ಯಾರ ಹೆಸರಿನಲ್ಲಿ ಏನಿದೆಯೋ ಅದರ ಮೇಲೆ ಮುಂದಿನ ವರ್ಷದ ತೆರಿಗೆ. 5 ಲಕ್ಷದ ಲಾಟ್‌ಗೆ, ನಿಮಗೆ ಬೇರೆ ತೆರಿಗೆಯ ನೆಲ ಇಲ್ಲದಿದ್ದರೆ, ವರ್ಷಕ್ಕೆ 1,950 ಡಾಲರ್. ಟೈಟಲ್ ನವೆಂಬರಿನಲ್ಲಿ ಸಿಕ್ಕಿ, ಮಾರಾಟ ಫೆಬ್ರವರಿಗೆ ಹೋದರೆ ಇಡೀ ವರ್ಷದ್ದು ನಿಮ್ಮ ಹೆಸರಿಗೆ ಬರುತ್ತದೆ. ದಿನಾಂಕದ ಸಣ್ಣ ಎಚ್ಚರದಿಂದ ಇದನ್ನು ತಪ್ಪಿಸಬಹುದು.

ಇಷ್ಟೆಲ್ಲ ಕೇಳಿದ ಮೇಲೆ ಏನು ಮಾಡಬೇಕು? ಅದು ನಿಮ್ಮ ಪತ್ರದಲ್ಲಿರುವ "ಇಲ್ಲವಾದರೆ" ಎಂಬುದಕ್ಕೆ ಅಂಟಿಕೊಂಡಿದೆ. ಮಗಳಿಗೋ, ಮಾರಾಟಕ್ಕೋ? ಎರಡಕ್ಕೂ ದಾರಿ ಬೇರೆ ಬೇರೆ.

ಮಾರುವುದೇ ಗುರಿಯಾದರೆ, ಖಾಲಿ ಲಾಟ್ ಮಾಡಿ ಮಾರುವುದು ನೇರ ದಾರಿ. 68 ಸಾವಿರ ಮತ್ತು ಅದರ ಮೇಲೆ ಶೇ. 15ರಷ್ಟು ಆಪತ್ತಿಗೆಂದು ಎತ್ತಿಟ್ಟುಕೊಳ್ಳಿ. ಕೌನ್ಸಿಲ್‌ಗೆ ನಿರ್ಧಾರಕ್ಕೆ 60 ದಿನದ ಗಡುವು ಇದ್ದರೂ ಹೆಚ್ಚಿನ ಮಾಹಿತಿ ಕೇಳಿ ಗಡಿಯಾರ ನಿಲ್ಲಿಸುವುದುಂಟು. ನೆರೆಯವರ ಆಕ್ಷೇಪ ಬಂದರೆ ಇನ್ನೂ ತಡ. ಟೈಟಲ್ ಕೈಗೆ ಬರಲು ಒಂದರಿಂದ ಒಂದೂವರೆ ವರ್ಷ ಎಂದುಕೊಳ್ಳುವುದು ಕ್ಷೇಮ. ಅಷ್ಟೂ ಕಾಲ ಹಣ ಹೋಗುತ್ತಿರುತ್ತದೆ, ಬರುವುದಿಲ್ಲ. ನಿಮಗಿನ್ನೂ ಗೃಹಸಾಲ ಇದೆ ಎಂದಿರಿ. ಒತ್ತೆಯಿಟ್ಟ ಜಾಗ ಒಡೆಯಲು ಬ್ಯಾಂಕಿನ ಒಪ್ಪಿಗೆ ಬೇಕು. ಹಿಂದಿನ ಲಾಟ್ ಮಾರಿದಾಗ ಬಂದ ಹಣದಲ್ಲಿ ಎಷ್ಟನ್ನು ಸಾಲಕ್ಕೆ ಹಿಡಿಯುತ್ತೇವೆ ಎಂದು ಬ್ಯಾಂಕ್ ಮೊದಲೇ ಹೇಳಲಿ.

ಇನ್ನೊಂದು, ಹಿಂದೆ ಮನೆ ಕಟ್ಟಿ ಆಮೇಲೆ ಒಡೆಯುವುದು. ಎರಡು ಮನೆಯ ಪರ್ಮಿಟ್ ತೆಗೆದುಕೊಂಡು ಕೆಲಸ ಶುರುವಾಗಿದ್ದು, ವಿಭಜನೆಯಿಂದ ಖಾಲಿ ಲಾಟ್ ಹುಟ್ಟದಿದ್ದರೆ ಅರ್ಜಿ ವಿಕ್‌ಸ್ಮಾರ್ಟ್ ಎಂಬ ಚುರುಕು ಹಾದಿಯಲ್ಲಿ ಹೋಗುತ್ತದೆ. ಅದಕ್ಕೆ 2024–25ರಲ್ಲಿ 220.50 ಡಾಲರ್, ಹತ್ತು ಕೆಲಸದ ದಿನದಲ್ಲಿ ನಿರ್ಧಾರ. ಶುಲ್ಕ ಕಡಿಮೆ ಎಂದು ಇದಕ್ಕೆ ಮರುಳಾಗಬೇಡಿ. ಕಟ್ಟಡದ ಪರ್ಮಿಟ್ ಶುಲ್ಕ ಬೇರೆ, ಒಳಚರಂಡಿ, ಕರೆಂಟಿನ ಖರ್ಚು ಅಷ್ಟೇ, ಮೇಲೆ ಮನೆ ಕಟ್ಟುವ ಸಾಲ. ನಿವೃತ್ತಿಯ ಹೊಸ್ತಿಲಲ್ಲಿರುವ ನಿಮಗೆ ನಾನು ಇದನ್ನು ಹೇಳಲಾರೆ.

ಮಗಳಿಗೆ ಎನ್ನುವುದಾದರೆ, ನಿಮ್ಮನ್ನು ಒಂದು ಕೇಳುತ್ತೇನೆ. ಅವಳಿಗೆ ಬೇಕಾದದ್ದು ಟೈಟಲ್ಲೋ, ನಿಮ್ಮ ಹತ್ತಿರ ಇರಲು ಒಂದು ಸೂರೋ? ಸೂರು ಎಂದಾದರೆ ಜಾಗ ಒಡೆಯುವ ಅಗತ್ಯವೇ ಇಲ್ಲ. 2023ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಸರ್ಕಾರ ಹಿತ್ತಲಿನಲ್ಲಿ 60 ಚದರ ಮೀಟರಿನವರೆಗಿನ ಚಿಕ್ಕ ಎರಡನೇ ಮನೆಗೆ ಅವಕಾಶ ಕೊಟ್ಟಿತು. ಜಾಗ 300 ಚದರ ಮೀಟರಿಗೆ ಮೇಲಿದ್ದು, ಪ್ರವಾಹ ಮುಂತಾದ ಓವರ್‌ಲೇ (ವಲಯದ ಮೇಲೆ ಹಾಕುವ ಹೆಚ್ಚುವರಿ ನಿರ್ಬಂಧ) ಇಲ್ಲದಿದ್ದರೆ ಸಾಮಾನ್ಯವಾಗಿ ಪ್ಲಾನಿಂಗ್ ಪರ್ಮಿಟ್ ಬೇಕಿಲ್ಲ, ಬಿಲ್ಡಿಂಗ್ ಪರ್ಮಿಟ್ ಸಾಕು. ಅದನ್ನು ಬೇರೆ ಲಾಟ್ ಮಾಡಿ ಮಾರುವ ಹಾಗಿಲ್ಲ, ಅದಕ್ಕೆ ಗ್ಯಾಸ್ ಸಂಪರ್ಕವೂ ಇಲ್ಲ. ಆದರೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಟೈಟಲ್ ಕೈ ಬದಲಾಗದ್ದರಿಂದ ಈಗ ಬಂಡವಾಳ ಲಾಭದ ತೆರಿಗೆ ಏಳುವುದಿಲ್ಲ, ದಾರಿಯ 3.2 ಮೀಟರಿನ ಚಿಂತೆಯೂ ಬಹುಮಟ್ಟಿಗೆ ಇಲ್ಲ. ನಿಮ್ಮ ಪತ್ರದಲ್ಲಿ "ಅವಳು ಬಾಡಿಗೆ ಕೊಟ್ಟು ಸಾಕಾಗಿದ್ದಾಳೆ" ಎಂಬ ಒಂದು ಸಾಲಿತ್ತು. ಅದನ್ನು ಓದಿದ ಮೇಲೆ ನನ್ನ ಒಲವು ಈ ಕಡೆಗೇ. ಅವಳಿಗೆ ಬ್ಯಾಂಕಿನಲ್ಲಿ ತೋರಿಸಲು, ಮುಂದೆ ಮಾರಲು ಸ್ವಂತ ಟೈಟಲ್ಲೇ ಬೇಕು ಎಂದಾದರೆ ಮಾತ್ರ 68 ಸಾವಿರದ ಜೊತೆ ಡ್ಯೂಟಿ, ತೆರಿಗೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಆ ಒಟ್ಟು ಮೊತ್ತವನ್ನು ನಿಮ್ಮ ಮಗಳ ಮುಂದೆಯೂ ಇಡಿ. ಅವಳ ಪಾಲಿಗೂ ಡ್ಯೂಟಿಯ ಹೊರೆ ಇದೆ. ಅವಳನ್ನು ಕೇಳದೆ ತೀರ್ಮಾನಿಸಬೇಡಿ.

ಈ ವಾರ ಮಾಡಬೇಕಾದ್ದು ಸ್ವಲ್ಪವೇ. ಟೈಟಲ್‌ಗಳ ಆನ್‌ಲೈನ್ ದಾಖಲೆ ಸೇವೆಯಾದ ಲ್ಯಾಂಡಾಟಾದಿಂದ ಟೈಟಲ್‌ನ ಪ್ರತಿ, ಅದರಲ್ಲಿ ಕವನೆಂಟ್ ಅಥವಾ ಕೌನ್ಸಿಲ್ ಜೊತೆಗಿನ ಸೆಕ್ಷನ್ 173 ಒಪ್ಪಂದದ ಸಂಖ್ಯೆ ಇದ್ದರೆ ಆ ಪತ್ರದ ಪ್ರತಿಯನ್ನೂ ತರಿಸಿ. ವಿಕ್‌ಪ್ಲ್ಯಾನ್ ಎಂಬ ಸರ್ಕಾರಿ ನಕ್ಷೆ ತಾಣದಲ್ಲಿ ನಿಮ್ಮ ವಿಳಾಸ ಹಾಕಿದರೆ ವಲಯ, ಓವರ್‌ಲೇಗಳ ವರದಿ ಪುಕ್ಕಟೆ ಸಿಗುತ್ತದೆ. ಇವೆರಡರಲ್ಲೂ ಅಡ್ಡಿ ಕಾಣದಿದ್ದರೆ ಸರ್ವೇಯರಿಗೆ ಇಡೀ ಕೆಲಸ ಒಪ್ಪಿಸಬೇಡಿ, ಗಡಿಯ ಅಳತೆಯೊಂದನ್ನೇ ಮೊದಲು ಮಾಡಿಸಿ. ಎಡಗೋಡೆಯ ಚಾವಣಿಯ ಅಂಚಿನಿಂದ ಗಡಿಗೆ ಎಷ್ಟು, ಗೋಡೆಯಿಂದ ಗಡಿಗೆ ಎಷ್ಟು ಎಂದು ಎರಡನ್ನೂ ಬರೆದುಕೊಡಲು ಹೇಳಿ. ಗೋಡೆಯಿಂದ 3 ಮೀಟರ್ ಸಿಗದಿದ್ದರೆ ಉಳಿದ 64 ಸಾವಿರದ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ; ಸಿಕ್ಕಿದರೆ ಆ ಅಳತೆಯ ಕಾಗದವನ್ನೂ ಟೈಟಲ್‌ನ ಮೊದಲ ಪುಟವನ್ನೂ ಕಳಿಸಿ, ವಿನಾಯಿತಿ ಕೇಳುವ ಪತ್ರವನ್ನು ಹೇಗೆ ಬರೆಯುವುದೆಂದು ತಿಳಿಸುತ್ತೇನೆ.